ಬಣ್ಣ ಹಚ್ಚದೆ ಸತ್ತ ಮೇಷ್ಟ್ರು

ನಾಟಕದ ಮೇಷ್ಟ್ರು ಆದಿನಾರಾಯಣಪ್ಪ ಈ ನಲವತ್ತೊಂಬತ್ತನೆಯ ಇಸವಿಯ ಮಾಘಮಾಸದಲ್ಲಿ ತೀರಿಕೊಂಡ. ಸ್ವಲ್ಪ ಜ್ವರ ಬಂದಿತ್ತು, ಅಷ್ಟೆ. ದೊಡ್ಡಬೆಳವಂಗಲದ ಸುತ್ತಿನ ಹಳ್ಳಿಗಳಲ್ಲಿ ಅವನ ಹುಣಿಸೆ ಬರಲಿನ ಏಟು ತಿನ್ನದೆ ರಾಜನಾದವನು ಒಬ್ಬನೂ ಇಲ್ಲ. ಆ ರಾಜರು, ಮಂತ್ರಿಗಳು, ರಾಕ್ಷಸರು ಎಲ್ಲರೂ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದಿದ್ದರು. ಅಳುವುದಕ್ಕೆಂದು ಕೂತವರು ಅವನ ಚೇಷ್ಟೆಗಳನ್ನು ನೆನೆದು ನಕ್ಕುಬಿಟ್ಟರು; ನಕ್ಕಿದ್ದಕ್ಕೆ ನಾಚಿಕೊಂಡು ಮತ್ತೆ ಅತ್ತರು. ಅವನನ್ನು ಬಲ್ಲವರಿಗೆ ಈಗಲೂ ಅದೇ ಪಾಡು. ಬರೀ ಅಳುತ್ತ ಬರೆದರೆ ಅದು ಬೇರೆ ಯಾರದೋ ಕಥೆಯಾಗುತ್ತದೆ. ಆದ್ದರಿಂದ ಯೂರೋಪಿನ ಸಿನಿಮಾ ದೊರೆಯೊಬ್ಬನ ಕೈಯಲ್ಲಿ ಅವನು ಒಮ್ಮೆ ಸತ್ತ ಸಂಗತಿಯನ್ನೇ ಹೇಳಬೇಕು. ಅವನಿಗೆ ಅದೇ ಇಷ್ಟವಾಗುತ್ತಿತ್ತು.

ರಾಗಿ ಒಕ್ಕಣೆ ಮುಗಿದು ಕಣ ಖಾಲಿಯಾದರೆ ಆದಿನಾರಾಯಣಪ್ಪನ ಕಾಲ ಶುರು. ಯಾವುದಾದರೂ ಹಳ್ಳಿಯವರು ಬಂದು ಕರೆಯುತ್ತಿದ್ದರು. ಹಾರ್ಮೋನಿಯಂ ಒಬ್ಬನ ತಲೆಯ ಮೇಲೆ, ಕಿರೀಟದ ಪೆಟ್ಟಿಗೆ ಇನ್ನೊಬ್ಬನ ತಲೆಯ ಮೇಲೆ, ಮುಂದೆ ಬರಿಗೈಯಲ್ಲಿ ಮೇಷ್ಟ್ರು. ಓದು ಬಾರದ ಒಕ್ಕಲಿಗರಿಗೆ ಬಾಯಲ್ಲೇ ಪದ ಹೇಳಿಕೊಟ್ಟು, ನೇಗಿಲು ಹಿಡಿದ ಕೈಗೆ ಗದೆ ಹಿಡಿಸಿ, ಬೇಸಗೆ ಕಳೆಯುವುದರೊಳಗೆ ಒಂದು ಆಟ ಎಬ್ಬಿಸುತ್ತಿದ್ದ. ಆಳು ಕಡ್ಡಿಯಂತಿದ್ದ, ಕಂಠ ಮಾತ್ರ ಕಹಳೆ. ಎಲೆಅಡಿಕೆ ಹಾಕಿಕೊಂಡಾಗ ಮಾತ್ರ ಬಾಯಿ ನಿಲ್ಲುತ್ತಿತ್ತು. ಆಗ ಕೈ ಮಾತಾಡುತ್ತಿತ್ತು. ಅವನು ಸುಮ್ಮನೆ ಕೂತದ್ದನ್ನು ಕಂಡವರಿರಲಿಲ್ಲ.

ಅವನ ಹೆಚ್ಚುಗಾರಿಕೆಯೆಂದರೆ ಸಾಯುವುದನ್ನು ಕಲಿಸುವುದು. "ಬದುಕೋಕೆ ಒಂದು ಪದ ಸಾಕು ಕಣ್ರಲಾ, ಸಾಯೋಕೆ ಮೂರು ಪದ ಬೇಕು" ಎನ್ನುತ್ತಿದ್ದ. ಬಾಣ ತಗುಲಿದವನು ಮೊದಲು ಒಂದು ಪದ ಹಾಡಬೇಕು, ಮಂಡಿಯೂರಿ ಇನ್ನೊಂದು, ಒರಗಿಕೊಂಡು ಮತ್ತೊಂದು. ಜನ 'ಒನ್ಸ್ ಮೋರ್' ಎಂದರೆ ಸತ್ತವನು ಎದ್ದು ಮೊದಲಿನಿಂದ ಸಾಯಬೇಕು. ಮಧ್ಯೆ ಹಾರ ಬಂದರಂತೂ ಹೇಳುವುದೇ ಬೇಡ. ನಮ್ಮ ಕಡೆಯ ಆಟಗಳಲ್ಲಿ ವೇಷಧಾರಿಯ ನೆಂಟರಿಗೆ ಸಂತೋಷವಾದರೆ ಅವರು ಆಟ ಮುಗಿಯುವ ತನಕ ಕಾಯುವುದಿಲ್ಲ. ಹಾರವೋ ಪಂಚೆಯೋ ಹಿಡಿದು ನೇರ ರಂಗದ ಮೇಲೆ ಹತ್ತುತ್ತಾರೆ. ಆಟ ನಿಲ್ಲುತ್ತದೆ. ಮೇಷ್ಟ್ರು ಹಾರ್ಮೋನಿಯಂ ಒಂದು ಸುತ್ತು ಬಾರಿಸಿ, ಕೊಟ್ಟವರ ಹೆಸರು, ಊರು, ಸಂಬಂಧ ಎಲ್ಲ ಕೂಗಿ ಹೇಳುತ್ತಾನೆ. ವೇಷಧಾರಿ ಕೈಮುಗಿಯುತ್ತಾನೆ. ಆಮೇಲೆ ಬಿಟ್ಟಲ್ಲಿಂದ ಯುದ್ಧ. ಇದನ್ನು ತಪ್ಪಿಸಿದರೆ ನೆಂಟಸ್ತಿಕೆ ಕೆಡುತ್ತದೆ.

ಇಂಥ ಮೇಷ್ಟ್ರ ಊರಿಗೆ ನಲವತ್ಮೂರರ ಬೇಸಗೆಯ ಮೊದಲಲ್ಲಿ ಒಂದು ಜೀಪು ಬಂತು. ಒಳಗಿಂದ ಇಳಿದವನು ಎಮಿಲ್ ಡೊರ್ನಾಕ್. ಸಿನಿಮಾ ತೆಗೆಯುವ ದೊರೆ ಬರುತ್ತಾರೆಂದು ಅಮಲ್ದಾರರ ಕಚೇರಿಯಿಂದ ಹೇಳಿಕಳಿಸಿದ್ದರು. ಜನ ಎತ್ತರದ ಆಳನ್ನು, ಕುದುರೆ ಸವಾರನ ಬೂಟನ್ನು ನಿರೀಕ್ಷಿಸಿದ್ದರು. ಇಳಿದವನು ಗಿಡ್ಡ, ಬೋಳುತಲೆ, ಹೊಲಿಗೆ ಹಾಕಿದ ಕಾಲುಚೀಲ. ಊರ ಜನ ಪೆಚ್ಚಾದರು. ಆದರೆ ಆದಿನಾರಾಯಣಪ್ಪ ಪೆಚ್ಚಾಗಲಿಲ್ಲ. ಆ ಗಿಡ್ಡ ಮನುಷ್ಯ ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ. ಈತ ನಡೆದಾನೇ, ಈತ ಬಿದ್ದಾನೇ, ಈತ ಅತ್ತಾನೇ ಎಂದು ತೂಗುವ ನೋಟ.

"ಇವನೂ ಮೇಷ್ಟ್ರೇ ಕಣೋ" ಎಂದ ಪಕ್ಕದಲ್ಲಿದ್ದ ಅಪ್ಪಯ್ಯಣ್ಣನಿಗೆ.

ಅಪ್ಪಯ್ಯಣ್ಣ ಊರ ಶಾಲೆಯ ಉಪಾಧ್ಯಾಯ. ಇಂಗ್ಲಿಷ್ ಬಲ್ಲವನು ಅವನೊಬ್ಬನೇ ಆದ್ದರಿಂದ ದೊರೆಯ ಮಾತನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ಅವನ ಪಾಲಿಗೆ ಬಂತು. ಚಾವಡಿಯಲ್ಲಿ ನಿಂತು ಅವನು ಹೇಳಿದ ಸಾರಾಂಶ ಇದು: ಪ್ಲೇಗಿನ ಕಾಲದಲ್ಲಿ ಸೂಜಿ ಹಾಕಿಸಿಕೊಳ್ಳಿ ಎಂದು ಹಳ್ಳಿಯವರಿಗೆ ಹೇಳುವ ಚಿಕ್ಕ ಸಿನಿಮಾ. ಮಾತಿಲ್ಲ, ಹಾಡಿಲ್ಲ, ಆಮೇಲೆ ಯಾರೋ ಮರೆಯಲ್ಲಿ ನಿಂತು ವಿವರ ಓದುತ್ತಾರೆ. ಇಬ್ಬರು ರೈತರು ಬೇಕು. ಒಬ್ಬ ಬುದ್ಧಿವಂತ, ಸೂಜಿ ಹಾಕಿಸಿಕೊಂಡು ಬದುಕುತ್ತಾನೆ. ಇನ್ನೊಬ್ಬ ದಡ್ಡ, ಓಡಿಹೋಗಿ ಸಾಯುತ್ತಾನೆ.

"ಬುದ್ಧಿವಂತ ನಾನೇ. ಇನ್ಯಾರು?" ಎಂದ ರಾಮಾಂಜಿನಪ್ಪ. ಊರಿನ ದೊಡ್ಡ ಹಿಡುವಳಿದಾರ. ಎಲ್ಲ ಆಟಗಳಲ್ಲೂ ಅವನೇ ರಾಜ.

"ಸಾಯೋ ರೈತ ಯಾರು?" ಎಂದ ಅಪ್ಪಯ್ಯಣ್ಣ.

ರಾಮಾಂಜಿನಪ್ಪನ ಭಾವಮೈದ, ತ್ಯಾಮಗೊಂಡ್ಲಿನ ಮುನಿವೆಂಕಟಪ್ಪ, ನೆಂಟರ ಮನೆಗೆ ಬಂದಿದ್ದವನು, ಎದ್ದು ನಿಂತ. "ರಾಕ್ಷಸನಾಗಿ ಸಾಯಿ ಅನ್ನಿ ಸ್ವಾಮಿ, ವರ್ಷಾ ವರ್ಷಾ ಸಾಯ್ತೀನಿ. ಮುನಿವೆಂಕಟಪ್ಪನಾಗಿ, ಪ್ಲೇಗು ಬಂದು, ನನ್ನ ಪಂಚೇಲೇ ಸಾಯೋದಾ? ಬಿಡ್ತು ಅನ್ನಿ."

ಕೆಟ್ಟ ಮಾತು ಬಾಯಿಗೆ ಬಂದರೆ 'ಬಿಡ್ತು' ಎಂದು ಅದನ್ನು ಕಳಚಿಹಾಕಬೇಕೆಂದು ದೊರೆಗೆ ವಿವರಿಸುವುದು ಹೇಗೆಂದು ತಿಳಿಯದೆ ಅಪ್ಪಯ್ಯಣ್ಣ, "ಅವರಿಗೆ ಬೇರೆ ಕೆಲಸ ಇದೆಯಂತೆ" ಎಂದುಬಿಟ್ಟ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ದೊರೆ, ಮೇಷ್ಟ್ರು, ಅಪ್ಪಯ್ಯಣ್ಣ ಮೂವರೂ ಊಟಕ್ಕೆ ಕೂತರು. ದೊರೆ ಬ್ರೆಡ್ಡು ತಂದಿದ್ದ. ಬೈರಮ್ಮ ಕಳಿಸಿದ ಮುದ್ದೆ ನೋಡಿ ಬ್ರೆಡ್ಡು ಪಕ್ಕಕ್ಕಿಟ್ಟ. ಬೈರಮ್ಮ ಎಂದರೆ ಮೇಷ್ಟ್ರ ಹೆಂಡತಿ. ಅಗಿದು ಅಗಿದು ಮುದ್ದೆ ಹಲ್ಲಿಗಂಟಿ ಅವನು ಒದ್ದಾಡುವುದನ್ನು ನೋಡಲಾರದೆ ಆದಿನಾರಾಯಣಪ್ಪ, "ನುಂಗಬೇಕು ದೊರೆ, ಅಗೀಬಾರ್ದು" ಎಂದು ತಾನೇ ನುಂಗಿ ತೋರಿಸಿದ. ಆಮೇಲೆ ಕೇಳಿದ, "ನಿಮ್ಮೂರಲ್ಲಿ ನೀವೇನಾಗಿದ್ರಿ? ಕೇಳಪ್ಪ ಅಪ್ಪಯ್ಯಣ್ಣ."

ಡೊರ್ನಾಕ್ ಹೇಳುತ್ತ ಹೋದ, ಅಪ್ಪಯ್ಯಣ್ಣ ತಿರುಗಿಸುತ್ತ ಹೋದ. ಹುಟ್ಟಿದ್ದು ವಿಯೆನ್ನಾ ಎಂಬ ಊರು, ಅಪ್ಪ ದರ್ಜಿ. ಸಿನಿಮಾ ತೆಗೆಯುವವರ ಕೊಟ್ಟಿಗೆಯಲ್ಲಿ ವೇಷದ ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದ. ಆಮೇಲೆ ಕ್ಯಾಮೆರಾದವನಿಗೆ ಕೊಡೆ ಹಿಡಿದ. ಒಂದು ದಿನ ನಿರ್ದೇಶಕ ಕುಡಿದು ಮಲಗಿದ್ದ; ಚಿತ್ರ ನಿಲ್ಲಬಾರದೆಂದು ಕೊಡೆ ಹಿಡಿದವನೇ ನಿರ್ದೇಶಕನಾದ. ಗಂಡಂದಿರು ಬೀರುವಿನಲ್ಲಿ ಅಡಗಿಕೊಳ್ಳುವ ನಗೆಯ ಚಿತ್ರಗಳನ್ನು ತೆಗೆದ. ಜನ ನಕ್ಕರು. ಬರ್ಲಿನ್ನಿಗೆ ಹೋಗಿ ತಾನೇ ಬಂಡವಾಳ ಕೂಡಿಸಿ ತೆಗೆಯತೊಡಗಿದ. ಅಲ್ಲಿಯೂ ನಕ್ಕರು. ಒಂದು ಬೆಳಿಗ್ಗೆ ಗೇಟಿನ ಬಳಿ, ದಿನವೂ ಸಲಾಮು ಹೊಡೆಯುತ್ತಿದ್ದ ಕಾವಲುಗಾರ ಅವನನ್ನು ಒಳಗೆ ಬಿಡಲಿಲ್ಲ. ಯಾಕೆಂದರೆ ಅವನು ಯೆಹೂದಿ.

"ಯೆಹೂದಿ ಅಂದ್ರೆ?"

"ಅವರ ಕುಲ, ಅವರ ಧರ್ಮ."

"ಅಂದ್ರೆ ಕುಲ ಕೇಳಿ ಗೇಟಿನಿಂದಾಚೆ ನಿಲ್ಸಿದ್ರಾ?" ಆದಿನಾರಾಯಣಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಅದನ್ನ ನೋಡೋಕೆ ಬರ್ಲಿನ್‌ವರೆಗೂ ಹೋಗ್ಬೇಕಾಗಿರ್ಲಿಲ್ಲ, ನಮ್ಮ ಬಾವಿ ಹತ್ರ ನಿಂತಿದ್ರೆ ಸಾಕಾಗಿತ್ತು ಅಂತ ಹೇಳು."

ಅಪ್ಪಯ್ಯಣ್ಣ ಹೇಳಿದ. ಡೊರ್ನಾಕ್ ಬಾವಿಯ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ಮುಂದುವರಿಸಿದ. ಅಲ್ಲಿಂದ ಪ್ರಾಗ್, ಅಲ್ಲಿಂದ ಲಂಡನ್, ಅಲ್ಲಿಂದ ಯಾರೋ ಕರೆದರೆಂದು ಹಡಗು ಹತ್ತಿ ಬೊಂಬಾಯಿ. ಅಷ್ಟರಲ್ಲಿ ಯುದ್ಧ ಹತ್ತಿಕೊಂಡಿತು. ವಿಯೆನ್ನಾವನ್ನು ಜರ್ಮನಿ ನುಂಗಿದ್ದರಿಂದ ಅವನ ರಹದಾರಿಯ ಮೇಲೆ ಜರ್ಮನಿಯ ಮುದ್ರೆ ಇತ್ತು. ಇಂಗ್ಲಿಷ್ ಪೊಲೀಸರು ಶತ್ರು ದೇಶದವನೆಂದು ಹಿಡಿದು ಮುಳ್ಳುತಂತಿಯ ಕ್ಯಾಂಪಿನಲ್ಲಿಟ್ಟರು.

"ಅಲ್ಲಿ ಜರ್ಮನಿಯೋರು ನೀನು ನಮ್ಮೋನಲ್ಲ ಅಂತ ಓಡ್ಸಿದ್ರು. ಇಲ್ಲಿ ಇಂಗ್ಲಿಷ್ನೋರು ನೀನು ಜರ್ಮನಿಯೋನೇ ಅಂತ ಹಿಡ್ದ್ರು." ಆದಿನಾರಾಯಣಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. "ಈ ಕಥೇನ ನಾನು ಆಟ ಕಟ್ಟಿದ್ರೆ ಜನ ಕಲ್ಲಲ್ಲಿ ಹೊಡೀತಾರೆ, ಇಂಥ ಸುಳ್ಳು ಹೇಳ್ತೀಯಾ ಮೇಷ್ಟ್ರೇ ಅಂತ."

ಡೊರ್ನಾಕ್ ನಕ್ಕ. ಆಮೇಲೆ ನಗೆ ಬಿಟ್ಟು ಒಂದು ಮಾತು ಹೇಳಿದ. ಅವನನ್ನು ಹೊರಗೆ ಬಿಟ್ಟಿರುವುದು ಈ ಒಂದು ಚಿತ್ರಕ್ಕಾಗಿ. ಪ್ರತಿ ಸೋಮವಾರ ದೊಡ್ಡಬಳ್ಳಾಪುರದ ಪೊಲೀಸ್ ಠಾಣೆಗೆ ಹೋಗಿ ಮುಖ ತೋರಿಸಬೇಕು. ಚಿತ್ರ ಮುಗಿದು ಬೆಂಗಳೂರಿನ ಅಧಿಕಾರಿಗಳಿಗೆ ಮೆಚ್ಚಿಗೆಯಾದರೆ ಅವನು ಹೊರಗೇ ಉಳಿದು ಕೆಲಸ ಮಾಡಬಹುದು. ಇಲ್ಲವಾದರೆ ಮತ್ತೆ ಮುಳ್ಳುತಂತಿ. ಫಿಲಂಗೆ ಯುದ್ಧದ ಬರ. ಜೀಪಿನಲ್ಲಿರುವ ಡಬ್ಬಿಗಳೇ ಎಲ್ಲ. ಇನ್ನು ಕೇಳಿದರೆ ಕೊಡುವುದಿಲ್ಲ.

ಆದಿನಾರಾಯಣಪ್ಪ ಎದೆ ತಟ್ಟಿಕೊಂಡ. "ದೊರೆಗೆ ಹೇಳು, ವನವಾಸ ಮುಗೀತು, ಇದು ಅಜ್ಞಾತವಾಸ. ಇನ್ನೊಂದೇ ಸೀನು. ನಾನಿದ್ದೀನಿ, ದಾಟಿಸ್ತೀನಿ."

ಹೀಗೆ ದಾಟಿಸುವ ಭಾರ ಹೊತ್ತವನೇ ಮರುದಿನದಿಂದ ದೊರೆಯನ್ನು ಮುಳುಗಿಸತೊಡಗಿದ.

ಬೆಳಿಗ್ಗೆ ರಾಮಾಂಜಿನಪ್ಪ ಚಾವಡಿಗೆ ಬಂದದ್ದು ಕಿರೀಟ, ಭುಜಕೀರ್ತಿ, ಮುಖಕ್ಕೆ ಗುಲಾಬಿ ಬಣ್ಣ, ಸೊಂಟಕ್ಕೆ ಕತ್ತಿಯೊಂದಿಗೆ. ದೇಶವೆಲ್ಲ ನೋಡುವ ಸಿನಿಮಾದಲ್ಲಿ ಹರಕು ಅಂಗಿಯಲ್ಲಿ ಕಾಣಿಸಿಕೊಳ್ಳುವುದು ಉಂಟೇ? ಡೊರ್ನಾಕ್ ಬಹಳ ಹೊತ್ತು ಕಿರೀಟವನ್ನು ನೋಡಿದ. ಸೂಜಿ ಹಾಕಲು ಬಂದ ಡಾಕ್ಟರು ಎಲ್ಲಿ ಚುಚ್ಚಬೇಕೆಂದು ತೋಳಿನ ಸುತ್ತ ಹುಡುಕಿದ. ಕೊನೆಗೆ ಆದಿನಾರಾಯಣಪ್ಪನೇ ರಾಮಾಂಜಿನಪ್ಪನನ್ನು ಪಕ್ಕಕ್ಕೆ ಕರೆದು, "ಅಣ್ಣಯ್ಯ, ಇದು ರಾಜ ವೇಷ ಮರೆಸ್ಕೊಂಡು ರೈತನಾಗಿ ಬರೋ ಸೀನು. ಒಳಗೆ ನೀನು ರಾಜನೇ, ನನಗೆ ಗೊತ್ತು, ನಿನಗೆ ಗೊತ್ತು, ಜನಕ್ಕೆ ಗೊತ್ತಾಗಬಾರದು" ಎಂದ. ರಾಮಾಂಜಿನಪ್ಪ ಸಂತೋಷದಿಂದ ಬಣ್ಣ ತೊಳೆದುಕೊಂಡ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಶ್ರುತಿ ಇಲ್ಲದೆ ನಮ್ಮವರ ಕೈಕಾಲು ಆಡುವುದಿಲ್ಲ. ಚಿತ್ರಕ್ಕೆ ಸದ್ದು ಬೇಡ ತಾನೇ, ನಾನು ಕ್ಯಾಮೆರಾದ ಹಿಂದೆ ಕೂತು ಬಾರಿಸಿದರೆ ನಷ್ಟವೇನು ಎಂದು ಮೇಷ್ಟ್ರು ಹಾರ್ಮೋನಿಯಂ ತರಿಸಿಕೊಂಡ. ಕ್ಯಾಮೆರಾ ಗುರ್‍ರೆಂದಿತು. ರಾಮಾಂಜಿನಪ್ಪ ಗಂಭೀರವಾಗಿ ನಡೆದುಬಂದು ಡಾಕ್ಟರ ಮುಂದೆ ತೋಳು ಚಾಚಿದ. ಅಷ್ಟರಲ್ಲಿ ಜನರ ನಡುವಿನಿಂದ ಭಾವಮೈದ ಮುನಿವೆಂಕಟಪ್ಪ ಚೆಂಡುಹೂವಿನ ಹಾರ ಹಿಡಿದು ನೇರ ನಡೆದು ಬಂದ. ರಾಮಾಂಜಿನಪ್ಪ ಸೂಜಿಯಿಂದ ತೋಳು ಎಳೆದುಕೊಂಡು ಕತ್ತು ಬಾಗಿಸಿದ. ಮೇಷ್ಟ್ರ ಬೆರಳು ತಾನಾಗಿ ಒಂದು ಸುತ್ತು ಬಾರಿಸಿತು, ಬಾಯಿ ತಾನಾಗಿ ತೆರೆಯಿತು: "ರಾಮಾಂಜಿನಪ್ಪನವರ ರೈತನ ಪಾತ್ರವನ್ನು ಮೆಚ್ಚಿ, ಅವರ ಭಾವಮೈದುನರಾದ ತ್ಯಾಮಗೊಂಡ್ಲು ಮುನಿವೆಂಕಟಪ್ಪನವರು ಪ್ರೀತಿಪೂರ್ವಕವಾಗಿ ಹಾರ ಹಾಕುತ್ತಿದ್ದಾರೆ!"

ಜನ ಚಪ್ಪಾಳೆ ತಟ್ಟಿದರು. ಡೊರ್ನಾಕ್ ಕ್ಯಾಮೆರಾ ನಿಲ್ಲಿಸಿದ.

"ತಪ್ಪಾಯ್ತು ದೊರೆ, ಬಾಯಿ ತಪ್ಪಿ ಬಂತು" ಎಂದ ಮೇಷ್ಟ್ರು. ಮತ್ತೆ ಶುರುವಾಯಿತು. ಆದರೆ ಹೆಂಡತಿಯ ಕಡೆಯವರು ಹಾರ ಹಾಕಿದ ಮೇಲೆ ಮಗಳನ್ನು ಕೊಟ್ಟ ಬೀಗರು ಸುಮ್ಮನಿರಲಾದೀತೆ? ಅವರು ಪಂಚೆ ತಂದರು. ಸೊಸೆಯ ಕಡೆಯವರು ಪೇಟ ತಂದರು. ತ್ಯಾಮಗೊಂಡ್ಲಿನಿಂದ ಇನ್ನೊಬ್ಬ ನೆಂಟ ಅಡಿಕೆಗೊನೆಯನ್ನೇ ಹೊತ್ತು ತಂದು ಬುದ್ಧಿವಂತ ರೈತನ ಕೈಗೆ ಕೊಟ್ಟ. ಪ್ರತಿ ಸಲವೂ ಮೇಷ್ಟ್ರು ತುಟಿ ಕಚ್ಚಿಕೊಂಡು ಕೂತಿರುತ್ತಿದ್ದ; ಹಾರ ಕಂಡೊಡನೆ ತುಟಿ ಬಿಚ್ಚಿಕೊಳ್ಳುತ್ತಿತ್ತು. ಬದುಕೆಲ್ಲ ಕೂಗಿದ ಬಾಯಿ ಅದು. ಕೊನೆಗೆ ರೋಸಿಹೋದ ಡಾಕ್ಟರು ಹೇಳದೆ ಕೇಳದೆ ತೋಳು ಹಿಡಿದು ಚುಚ್ಚಿಬಿಟ್ಟ. ಬುದ್ಧಿವಂತ ರೈತ "ಅಯ್ಯಯ್ಯಪ್ಪೋ" ಎಂದು ಕುಣಿದ. ಚಿತ್ರಕ್ಕೆ ದಕ್ಕಿದ್ದು ಅದೊಂದೇ ತುಣುಕು.

ಸಂಜೆ ಜೀಪಿನಲ್ಲಿ ಡೊರ್ನಾಕ್ ಡಬ್ಬಿಗಳನ್ನು ತೆಗೆದು ನೋಡಿದ. ಉಳಿದಿದ್ದು ಒಂದೇ. ಅವನು ಬೈಯಲಿಲ್ಲ. ಒಂದು ಬೆರಳು ಎತ್ತಿ ತೋರಿಸಿ, ಕೈ ತೊಳೆದುಕೊಂಡು, ಜೀಪಿನ ಮೆಟ್ಟಿಲ ಮೇಲೆ ಕೂತ. ಬೈದಿದ್ದರೆ ಆದಿನಾರಾಯಣಪ್ಪ ತಡೆದುಕೊಳ್ಳುತ್ತಿದ್ದ.

ಇನ್ನುಳಿದದ್ದು ದಡ್ಡ ರೈತನ ಸಾವು, ಅದಿಲ್ಲದೆ ಚಿತ್ರವಿಲ್ಲ. ಸಾಯಲು ಯಾರೂ ಒಪ್ಪಲಿಲ್ಲ. ಆದಿನಾರಾಯಣಪ್ಪ ಊಟ ಬಿಟ್ಟು ಯೋಚಿಸಿ, "ನಾನೇ ಸಾಯ್ತೀನಿ" ಎಂದು ಮನೆಯಲ್ಲಿ ಹೇಳಿದ.

"ಸಾಯಿ" ಎಂದಳು ಬೈರಮ್ಮ ಅವರೆಕಾಯಿ ಬಿಡಿಸುತ್ತ. "ಯಾವ ವೇಷ?"

"ವೇಷ ಇಲ್ಲ. ನಾನಾಗೇ. ನಮ್ಮ ಜಗಲಿ ಮೇಲೆ. ಬೇರೆ ಯಾರೂ ಅವರ ಜಗಲಿ ಕೊಡ್ತಾ ಇಲ್ಲ."

ಬೈರಮ್ಮ ಮೊರ ಕೆಳಗಿಟ್ಟಳು. "ಏನಯ್ಯಾ, ರಾಜನಾಗಿ ಸತ್ತೆ, ಸುಮ್ಮನಿದ್ದೆ. ರಾಕ್ಷಸನಾಗಿ ಸತ್ತೆ, ಕೂತು ನೋಡ್ದೆ. ಬಣ್ಣ ಹಚ್ಚಿದ್ರೆ ಯಮನಿಗೂ ಗೊತ್ತಾಗ್ತದೆ, ಇವನು ಆಟಕ್ಕೆ ಬಿದ್ದವ್ನೆ ಅಂತ. ನಿನ್ನ ಪಂಚೆ ಉಟ್ಕೊಂಡು, ನಿನ್ನ ಮುಖದಾಗೇ, ನಮ್ಮ ಜಗಲಿ ಮೇಲೆ ಸತ್ತಿಯೋ, ನಾನೇ ಕೊಂದ್ಬಿಡ್ತೀನಿ."

ಬೇರೆ ಸಮಯವಾಗಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. ಆದರೆ ಜೀಪಿನ ಮೆಟ್ಟಿಲ ಮೇಲೆ ಕೂತ ಬೋಳುತಲೆ ಕಣ್ಣ ಮುಂದೆ ಬಂತು. ಮರುದಿನ ಬೆಳಿಗ್ಗೆ, "ತ್ಯಾಮಗೊಂಡ್ಲಲ್ಲಿ ನಿನ್ನ ತಂಗಿ ಮುತ್ತಮ್ಮಂಗೆ ಮೈಗೆ ಸರಿ ಇಲ್ವಂತೆ, ಹೋಗಿ ನೋಡ್ಕೊಂಡು ಬಾ" ಎಂದು ಅವರೆಕಾಯಿಯ ಗಂಟು ಕೊಟ್ಟು ಅವಳನ್ನು ಬಸ್ಸಿಗೆ ಹತ್ತಿಸಿದ. ಪೆಟ್ರೋಲಿಲ್ಲದ ಕಾಲ, ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಹೊಗೆ ಕಾರುತ್ತ ಅದು ತಿರುವಿನಲ್ಲಿ ಮರೆಯಾದದ್ದನ್ನು ನೋಡಿಕೊಂಡೇ ಮೇಷ್ಟ್ರು ಮನೆಗೆ ಬಂದ.

ಜಗಲಿಯ ಮೇಲೆ ಚಾಪೆ ಹಾಸಿದರು. ಹೆಣದ ತಲೆ ದಕ್ಷಿಣಕ್ಕೇ ಇರಬೇಕೆಂದು ಊರಿನವರು ಒತ್ತಾಯ ಮಾಡಿದರು. ಆಟವಾದರೂ ಶಾಸ್ತ್ರ ಶಾಸ್ತ್ರವೇ.

"ಗದ್ದದ ಕೆಳಗೆ ಒಂದು ಬೊಟ್ಟು ಬಣ್ಣ ಇಟ್ಕೊಳ್ಲಾ? ಯಾರಿಗೂ ಕಾಣಲ್ಲ" ಎಂದ ಮೇಷ್ಟ್ರು.

ದೊರೆ ಬೇಡವೆಂದ.

ಅಭ್ಯಾಸಕ್ಕೆಂದು ಒಮ್ಮೆ ಸಾಯಲು ಹೇಳಿದ. ಮೇಷ್ಟ್ರು ಎದೆ ಹಿಡಿದುಕೊಂಡು ಮೊದಲ ಪದ ಎತ್ತಿದ. ಎರಡನೆಯ ಪದಕ್ಕೆ ಮಂಡಿಯೂರುವಷ್ಟರಲ್ಲಿ ಡೊರ್ನಾಕ್ ಕೈಯೆತ್ತಿದ.

"ಇಷ್ಟು ಹೊತ್ತು ಯಾರೂ ಸಾಯುವುದಿಲ್ಲವಂತೆ" ಎಂದ ಅಪ್ಪಯ್ಯಣ್ಣ.

"ನಮ್ಮ ಕಡೆ ಸಾಯ್ತಾರೆ ಅನ್ನು."

ಡೊರ್ನಾಕ್ ಟೋಪಿ ತೆಗೆದಿಟ್ಟು ತಾನೇ ಚಾಪೆಯ ಮೇಲೆ ಮಲಗಿದ. ಒಂದು ಸಲ ಉಸಿರು ಎಳೆದ, ಬಿಟ್ಟ, ಮತ್ತೆ ಎಳೆಯಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಎದ್ದು ಧೂಳು ಕೊಡವಿಕೊಂಡ.

"ಅಷ್ಟೇಯಾ?" ಎಂದ ಆದಿನಾರಾಯಣಪ್ಪ. "ಸುಮ್ನೆ ಬಿದ್ದಿರೋದಾ? ಇದಕ್ಕೆ ಮೇಷ್ಟ್ರು ಯಾಕೆ ಬೇಕು?"

ಅಪ್ಪಯ್ಯಣ್ಣ ಕೇಳಿ ಹೇಳಿದ: "ಇದಕ್ಕೇ ಬೇಕಂತೆ. ಸುಮ್ಮನಿರೋದು ಎಲ್ಲಕ್ಕಿಂತ ಕಷ್ಟವಂತೆ."

ಕ್ಯಾಮೆರಾ ತಿರುಗಿತು. ಆದಿನಾರಾಯಣಪ್ಪ ಒಮ್ಮೆ ಉಸಿರೆಳೆದ, ಬಿಟ್ಟ. ಬಾಯಿ ಅರ್ಧ ತೆರೆದೇ ಉಳಿಯಿತು. ಒಂದು ನೊಣ ಮೂಗಿನ ಮೇಲೆ ಬಂದು ಕೂತಿತು. ಅವನು ಸತ್ತೇ ಇದ್ದ. ಎಲ್ಲ ಚೆನ್ನಾಗಿ ನಡೆಯುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಬೈರಮ್ಮ ಸೊಂಟದ ಮೇಲೆ ಗಂಟು ಹೊತ್ತು ಬೀದಿಯ ತುದಿಯಲ್ಲಿ ಕಾಣಿಸಿಕೊಂಡಳು. ಇದ್ದಿಲ ಬಸ್ಸು ಮುಂದಿನ ದಿಣ್ಣೆ ಹತ್ತಲಾರದೆ ಕೆಮ್ಮಿ ನಿಂತುಬಿಟ್ಟಿತ್ತು. ಅವಳು ನಡೆದೇ ವಾಪಸು ಬಂದಿದ್ದಳು. ಮನೆಯ ಮುಂದೆ ಜನ. ಜಗಲಿಯ ಮೇಲೆ ಚಾಪೆ, ದಕ್ಷಿಣಕ್ಕೆ ತಲೆ, ತನ್ನ ಕೈಯಲ್ಲೇ ಒಗೆದ ಪಂಚೆ.

ಗಂಟು ಬಿಸುಟು ಓಡಿಬಂದಳು. ಅಪ್ಪಯ್ಯಣ್ಣ ತಡೆಯಲು ಮುಂದಾದ. ಡೊರ್ನಾಕ್ ಅವನ ಅಂಗಿಯ ಚುಂಗು ಹಿಡಿದು ನಿಲ್ಲಿಸಿದ. ಕಣ್ಣು ಕ್ಯಾಮೆರಾದಿಂದ ಎತ್ತಲಿಲ್ಲ.

"ಏಳಯ್ಯಾ ಮೇಲಕ್ಕೆ! ತಂಗಿಗೆ ಮೈಗೆ ಸರಿ ಇಲ್ಲ ಅಂತ ಸುಳ್ಳು ಹೇಳಿ ಕಳಿಸ್ದೆಯಾ? ಇದಕ್ಕೇನಾ?" ಬೈರಮ್ಮ ಹಣೆ ಚಚ್ಚಿಕೊಂಡಳು. "ಅದೂ ತೆಂಕಲಿಗೆ ತಲೆ ಹಾಕ್ಕೊಂಡು! ಬಿಡ್ತು ಅನ್ನು. ಬಾಯಿ ಬಿಟ್ಟು ಬಿಡ್ತು ಅನ್ನು!"

ಹೆಣ ಮಾತಾಡಲಿಲ್ಲ. ಅವಳು ಅವನ ಎರಡು ಕಾಲನ್ನೂ ಹಿಡಿದು ಚಾಪೆಯ ಸಮೇತ ತಲೆಯನ್ನು ಪೂರ್ವಕ್ಕೆ ತಿರುಗಿಸಿದಳು. ಹೆಣ ತಿರುಗಿತು.

"ಮನೆಯಾಗೆ ಉಪ್ಪಿಲ್ಲ, ಸೌದೆ ಇಲ್ಲ, ಸೂರು ಸೋರ್ತಾ ಐತೆ ಅಂತ ಬಾಯಿ ಬಡ್ಕೊಂಡ್ರೆ ಊರೂರು ತಿ­ರುಗ್ತೀಯ. ಇಲ್ಲಿ ಬಂದು ಪುಗಸಟ್ಟೆ ಸಾಯ್ತೀಯಾ? ಮಾತಾಡೋ!"

ಆದಿನಾರಾಯಣಪ್ಪನಿಗೆ ಎಲ್ಲ ಕೇಳುತ್ತಿತ್ತು. ನಾಲಿಗೆಯ ತುದಿಯಲ್ಲಿ ಉತ್ತರ ಕೂತಿತ್ತು, ಒಂದಲ್ಲ, ಹಲವು. ಜೊತೆಗೆ 'ಬಿಡ್ತು' ಎಂಬ ಆ ಒಂದು ಮಾತೂ ಇತ್ತು. ಅಂದರೆ ಸಾಕು, ಅವಳ ಜೀವ ತಣ್ಣಗಾಗುತ್ತಿತ್ತು. ಆದರೆ ಅಂದುಬಿಟ್ಟರೆ ಉಳಿದ ಒಂದೇ ಡಬ್ಬಿಯೂ ಹಾಳಾಗುತ್ತಿತ್ತು, ದೊರೆ ಮುಳ್ಳುತಂತಿಯ ಒಳಗೆ ಹೋಗುತ್ತಿದ್ದ.

ಬೈರಮ್ಮ ಬೈಯುತ್ತ ಬೈಯುತ್ತ ನಿಂತಳು. ಮದುವೆಯಾದಂದಿನಿಂದ ಅವಳ ಒಂದು ಮಾತಿಗೂ ಆ ಬಾಯಿ ಎದುರು ಹೇಳದೆ ಬಿಟ್ಟದ್ದಿಲ್ಲ. ಈಗ ಅರ್ಧ ತೆರೆದೇ ಇದೆ, ಮಾತಿಲ್ಲ. "ಏನಯ್ಯಾ" ಎಂದಳು, ದನಿ ಇಳಿದಿತ್ತು. "ಏನಯ್ಯಾ, ಆಟ ತಾನೇ?" ಅವನ ಮೂಗಿನ ಬಳಿ ಕೈ ಹಿಡಿದಳು. ಅವನು ಉಸಿರು ಹಿಡಿದ. ಅದಕ್ಕಿಂತ ಕಷ್ಟದ ಕೆಲಸವನ್ನು ತಾನು ಬದುಕಿನಲ್ಲಿ ಮಾಡಲಿಲ್ಲವೆಂದು ಆಮೇಲೆ ಹೇಳುತ್ತಿದ್ದ. ಅವಳು ಅವನ ಎದೆಯ ಮೇಲೆ ತಲೆಯಿಟ್ಟು ಒಂದು ಸಲ ಬಿಕ್ಕಿದಳು. ಸದ್ದೇ ಬರದ ಬಿಕ್ಕು.

ಕ್ಯಾಮೆರಾ ಟಕ್ಕೆಂದು ನಿಂತಿತು. ಡಬ್ಬಿ ಖಾಲಿ.

"ಬಿಡ್ತು, ಬಿಡ್ತು, ಬಿಡ್ತು" ಎನ್ನುತ್ತ ಹೆಣ ಎದ್ದು ಕೂತಿತು.

ಬೈರಮ್ಮ ಅವರೆಕಾಯಿಯ ಗಂಟು ತಂದು ಅದರಲ್ಲೇ ಬಾರಿಸಿದಳು. ಕಾಯಿ ಬೀದಿಯ ತುಂಬ ಚೆಲ್ಲಿತು. ಆಮೇಲೆ ಅವಳು ಗಂಡನ ಜೊತೆ ಬಹಳ ದಿನ ಮಾತಾಡಲಿಲ್ಲ. ದೊರೆಗೆ ಮಾತ್ರ ಮುದ್ದೆ ಕಳಿಸುವುದನ್ನು ನಿಲ್ಲಿಸಲಿಲ್ಲ. "ಪಾಪ, ಅವನೇನು ಮಾಡ್ಯಾನು, ಇವನದೇ ಕುತಂತ್ರ" ಎನ್ನುತ್ತಿದ್ದಳು.

ಚಿತ್ರವನ್ನು ಬೊಂಬಾಯಿಯಲ್ಲಿ ತೊಳೆಸಿ ತಂದು ಬೆಂಗಳೂರಿನಲ್ಲಿ ಅಧಿಕಾರಿಗಳಿಗೆ ತೋರಿಸಿದರು. ಮಾತಿಲ್ಲದ ಚಿತ್ರದಲ್ಲಿ ಉಪ್ಪಿಲ್ಲವೆಂದು ಬೈಯುವುದಕ್ಕೂ ಎದೆ ಒಡೆದು ಅಳುವುದಕ್ಕೂ ವ್ಯತ್ಯಾಸವಿಲ್ಲ. ಹೆಣದ ಕಾಲು ಹಿಡಿದು ತಿರುಗಿಸಿದ್ದು ಇಲ್ಲಿನ ಯಾವುದೋ ಪುರಾತನ ಸಂಪ್ರದಾಯವೆಂದು ದೊಡ್ಡ ಸಾಹೇಬರು ಪಕ್ಕದವರಿಗೆ ವಿವರಿಸಿದರಂತೆ. ಅವರ ಹೆಂಡತಿ ಕಣ್ಣೊರೆಸಿಕೊಂಡು, "ಆಕೆ ಯಾವ ಕಂಪನಿಯ ನಟಿ?" ಎಂದು ಕೇಳಿದರಂತೆ. ಡೊರ್ನಾಕ್ ಸ್ವಲ್ಪ ಯೋಚಿಸಿ, "ಮನೆಯಲ್ಲೇ ಅಭ್ಯಾಸ ಮಾಡಿದವರು" ಎಂದನಂತೆ. ರಾಮಾಂಜಿನಪ್ಪ ಊರಿಗೆ ಬಂದ ಚಿತ್ರ ನೋಡಿ, ರಾಜ ಕುಣಿದದ್ದು ಮಾತ್ರ ಉಳಿಸಿದ್ದಾರೆಂದು ಕೋಪಿಸಿಕೊಂಡ. ಬೈರಮ್ಮ ನೋಡಲು ಹೋಗಲೇ ಇಲ್ಲ. ಆದರೆ ಮುಂದಿನ ಸಲ ಸೂಜಿಯ ಡಾಕ್ಟರು ಬಂದಾಗ ಜನ ಓಡಲಿಲ್ಲ. "ಹಾಕಿಸ್ಕೊಂಡ್ಬಿಡು ಮಾರಾಯ, ಇಲ್ದಿದ್ರೆ ಬೈರಮ್ಮಕ್ಕ ಬಂದು ಕಾಲು ಹಿಡಿದು ಎಳೀತಾಳೆ" ಎಂದು ಒಬ್ಬರನ್ನೊಬ್ಬರು ತಳ್ಳಿದರು.

ಡೊರ್ನಾಕ್ ಯುದ್ಧ ಮುಗಿದ ಮೇಲೆ ಲಂಡನ್ನಿಗೆ ಹೋದ. ಅಲ್ಲಿ ಟೆಲಿವಿಷನ್ ಎಂಬ ಹೊಸ ಕೆಲಸದಲ್ಲಿ ನಿರ್ದೇಶಕನೂ ನಿರ್ಮಾಪಕನೂ ಆಗಿದ್ದಾನೆಂದು ಅಪ್ಪಯ್ಯಣ್ಣನಿಗೆ ಸುದ್ದಿ ಬಂತು. ಆಟವನ್ನು ಒಂದು ಕಡೆ ಆಡುತ್ತಾರೆ, ಅದೇ ಗಳಿಗೆಯಲ್ಲಿ ಜನ ತಮ್ಮ ತಮ್ಮ ಮನೆಯ ಪೆಟ್ಟಿಗೆಯಲ್ಲಿ ನೋಡುತ್ತಾರೆ ಎಂದು ಅವನು ವಿವರಿಸಿದಾಗ ಆದಿನಾರಾಯಣಪ್ಪ ಎಲೆಗೆ ಸುಣ್ಣ ಸವರುತ್ತ, "ಮನೆಯೊಳಗೇ ಅಂದ್ರೆ ಆಟದ ಮಧ್ಯೆ ಹೆಂಡ್ತಿ ಬರೋದು ಅಲ್ಲೂ ತಪ್ಪಿದ್ದಲ್ಲ" ಎಂದ.

ಆದರೆ ಅದೆಲ್ಲ ಆಮೇಲಿನ ಮಾತು. ನೆನಪಿನಲ್ಲಿ ನಿಲ್ಲುವುದು ಅಧಿಕಾರಿಗಳ ಹುಕುಂ ಬಂದ ಮೇಲಿನ ಮೊದಲ ಸೋಮವಾರ. ಡೊರ್ನಾಕ್ ಇನ್ನು ಕ್ಯಾಂಪಿಗೆ ಹೋಗಬೇಕಾಗಿಲ್ಲ, ಠಾಣೆಗೆ ಮುಖ ತೋರಿಸಬೇಕಾಗಿಲ್ಲ. ಇಷ್ಟು ವರ್ಷದ ಮೇಲೆ ತನ್ನದೇ ಆದ ಒಂದು ದಿನ ಸಿಕ್ಕಾಗ ಏನು ಮಾಡಬೇಕೆಂದು ತೋಚದೆ ಅವನು ಸಂಜೆಗೆ ಹಳ್ಳಿಗೆ ನಡೆದು ಬಂದ. ಚಾವಡಿಯಲ್ಲಿ ಹೊಸ ಆಟದ ಅಭ್ಯಾಸ ನಡೆಯುತ್ತಿತ್ತು. ಸಿಂಹಾಸನದ ಮೇಲೆ ರಾಮಾಂಜಿನಪ್ಪ. ಮೇಷ್ಟ್ರು ದೊರೆಯನ್ನು ಕಂಡು ಹಾರ್ಮೋನಿಯಂ ನಿಲ್ಲಿಸಲಿಲ್ಲ, ಕುರ್ಚಿ ತರಿಸಲಿಲ್ಲ. ಪರದೆ ಎಳೆಯುವವನು ಅಂದು ಹೊಲಕ್ಕೆ ನೀರು ಹಾಯಿಸಲು ಹೋಗಿದ್ದ. ಮೇಷ್ಟ್ರು ಬಾರಿಸುತ್ತಲೇ ಗದ್ದದಿಂದ ಪರದೆಯ ಹಗ್ಗ ತೋರಿಸಿದ.

ವಿಯೆನ್ನಾದಲ್ಲಿ ಗುಂಡಿ ಹೊಲಿದು, ಬರ್ಲಿನ್ನಿನಲ್ಲಿ ಊರು ನಗಿಸಿದ ಡೊರ್ನಾಕ್ ಕೋಟು ಬಿಚ್ಚಿಟ್ಟು ಹೋಗಿ ಹಗ್ಗ ಹಿಡಿದ. ರಾಜ ಇನ್ನೂ ಪದದ ನಡುವಿನಲ್ಲಿದ್ದಾಗಲೇ ಪರದೆ ಇಳಿಸಿಬಿಟ್ಟ.

"ಏನ್ ದೊರೆ ಇದು!" ಆದಿನಾರಾಯಣಪ್ಪ ಬರಲು ಎತ್ತಿಕೊಂಡು ಎದ್ದ. "ಇನ್ನೂ ಒಂದು ಸಾಲು ಐತೆ! ರಾಜ ಕೈ ಇಳಿಸೋಗಂಟ ಕಾಯ್ಬೇಕು. ಕಣ್ಣು ಎಲ್ಲಿಟ್ಟಿದ್ರಿ?"

ತಿರುಗಿಸಿ ಹೇಳಲು ಅಪ್ಪಯ್ಯಣ್ಣ ಅಲ್ಲಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಡೊರ್ನಾಕ್ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ, ಅಂಗೈಗೆ ಉಗುಳಿಕೊಂಡು, ಪರದೆಯನ್ನು ಮತ್ತೆ ಮೇಲಕ್ಕೆ ಎಳೆಯತೊಡಗಿದ.